ಮುರಿದ ಕುರ್ಚಿ ಕೊಡಿ, ಹೊಸದು ಒಯ್ಯಿರಿ: ನನ್ನ ಆಷಾಢದ ವ್ಯಾಪಾರ

ಆಷಾಢದಲ್ಲಿ ಕುರ್ಚಿ ಮಾರುತ್ತೇನೆ ಅಂದಾಗ ದಾವಣಗೆರೆಯಲ್ಲಿ ನಮ್ಮ ಲೈನಿನವರೆಲ್ಲ ನಕ್ಕಿದ್ದರು. ಮದುವೆಯೇ ಇಲ್ಲದ ತಿಂಗಳಲ್ಲಿ ಶಾಮಿಯಾನದವರು ಯಾಕೆ ಕೊಳ್ಳುತ್ತಾರೆ ಅಂತ. ಈಗ ನನ್ನ ವರ್ಷದ ಹೋಲ್‌ಸೇಲ್‌ನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಆಷಾಢದ್ದೇ. ನಕ್ಕವರಲ್ಲಿ ಇಬ್ಬರು ಈಗ ಅದನ್ನೇ ಶುರು ಮಾಡಿದ್ದಾರೆ!

ಅಪ್ಪ ಮಾರುತ್ತಿದ್ದದ್ದು ಕಬ್ಬಿಣದ ಮಡಚುವ ಕುರ್ಚಿ. ಬೆರಳು ಸಿಕ್ಕಿಕೊಳ್ಳುತ್ತಿತ್ತು, ಸೀರೆಗೆ ತುಕ್ಕು ಹತ್ತುತ್ತಿತ್ತು. ಆದರೆ ಮುರಿದರೆ ವೆಲ್ಡಿಂಗ್ ಮಾಡಿಸಿ ಮತ್ತೆ ಬಾಡಿಗೆಗೆ ಬಿಡುತ್ತಿದ್ದರು. ಪ್ಲಾಸ್ಟಿಕ್ ಬಂದ ಮೇಲೆ ಪೇರಿಸಿ ಒಯ್ಯೋದು ಸುಲಭ ಆಯ್ತು, ಕಾಲು ಮುರಿದರೆ ಮಾತ್ರ ಗುಜರಿಯೇ ಗತಿ. ಪ್ರತಿ ಶಾಮಿಯಾನದವರ ಗೋಡೌನ್ ಹಿಂದೆ ಅಂಥದ್ದೊಂದು ರಾಶಿ ಇದ್ದೇ ಇರುತ್ತೆ, ಅಲ್ವಾ? ನಾನು ಕಣ್ಣು ಹಾಕಿದ್ದು ಅದಕ್ಕೆ.

ಮುರಿದದ್ದು ತಗೊಂಡು ಹೊಸದು ಕೊಡೋದನ್ನು 2018ರಲ್ಲಿ ಶುರು ಮಾಡಿದೆ. ಅದರ ಹಿಂದಿನ ನವೆಂಬರ್‌ನಲ್ಲಿ ಕುರ್ಚಿ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು, ಬಿಲ್ಲಿನ ವ್ಯಾಪಾರಕ್ಕೆ ಉಸಿರು ಬಂದಿತ್ತು. ಮೊದಲು ಚೈತ್ರದಲ್ಲಿ ಕೇಳಿದೆ. ಒಬ್ಬರೂ ಬರಲಿಲ್ಲ. ಸೀಸನ್‌ನಲ್ಲಿ ಹುಡುಗರೂ ಟೆಂಪೋನೂ ಬಾಡಿಗೆ ಕೆಲಸದಲ್ಲೇ ಇರುತ್ತವೆ, ಮುರಿದದ್ದನ್ನು ಹೊರುವವರು ಯಾರು? ಆಷಾಢದಲ್ಲಿ ಎಲ್ಲರಿಗೂ ಪುರುಸೊತ್ತು. ಕಂಪನಿಯವರೂ ದರದಲ್ಲಿ ಬಗ್ಗುತ್ತಾರೆ.

ಲೆಕ್ಕ ಹೀಗೆ. ಒಳ್ಳೆ ಕುರ್ಚಿ ಎರಡೂಕಾಲು, ಎರಡೂವರೆ ಕಿಲೋ ತೂಗುತ್ತೆ. ಹಳೆಯದಕ್ಕೆ ಕಿಲೋಗೆ 22–25 ರೂಪಾಯಿ ಹಿಡಿಯುತ್ತಿದ್ದೆ. ಹಳೆ ಪ್ಲಾಸ್ಟಿಕ್ ಪುಡಿ ಮಾಡುವ ಗ್ರೈಂಡಿಂಗ್‌ನವರಿಂದ ನನಗೆ ಅದರ ಮೇಲೆ ಐದಾರು ರೂಪಾಯಿ ಸಿಗುತ್ತಿತ್ತು. ಹೊಸ ಕುರ್ಚಿಯಲ್ಲಿ ಉಳಿಯುತ್ತಿದ್ದದ್ದು 25–30 ರೂಪಾಯಿ ಅಷ್ಟೇ, ಅದಕ್ಕೆ ಇದು ಸೇರಿತು. ಹಳೆಯದಕ್ಕೆ ಬೇರೆ ಚೀಟಿ, ಹೊಸದಕ್ಕೆ ಪೂರ್ತಿ ಬಿಲ್. ಎರಡನ್ನೂ ಒಂದರಲ್ಲೇ ವಜಾ ಹಾಕಿದರೆ ಆಡಿಟರ್ ಬೈತಾರೆ.

2020ರಲ್ಲಿ ಮಾತ್ರ ಹೊಡೆತ ಬಿತ್ತು. ಕಚ್ಚಾ ತೈಲ ಕುಸಿಯಿತು, ದಾನಾ, ಅಂದರೆ ಹೊಸ ಪ್ಲಾಸ್ಟಿಕ್ ಕಾಳಿನ ರೇಟೂ ಇಳಿಯಿತು, ಹಳೆ ಪ್ಲಾಸ್ಟಿಕ್ಕನ್ನು ಕೇಳುವವರಿಲ್ಲ. ಮದುವೆಗೆ 50 ಜನ ಅಂದ ಮೇಲೆ ಹೊಸ ಕುರ್ಚಿ ಯಾರಿಗೆ ಬೇಕು? ಮೂರ್ನಾಲ್ಕು ಟನ್ ಹಳೆ ಮಾಲು ಗೋಡೌನ್‌ನಲ್ಲಿ, ಬಾಡಿಗೆ ಬೇರೆ. ಲಕ್ಷದ ಮೇಲೆ ಹೋಯ್ತು. ಆಗ ಮನೆಯಿಂದ ಕೆಲಸ ಮಾಡುವವರಿಗೆ ತಿರುಗುವ ಕುರ್ಚಿ ತರಿಸಿ ನೋಡಿದೆ. ಮಾರಾಟ ಆಯ್ತು, ಆದರೆ ಸೀಟು ಏರಿಸಿ ಇಳಿಸುವ ಗ್ಯಾಸ್ ಲಿಫ್ಟ್ ಕೂತು ಹೋಯ್ತು ಅಂತ ಫೋನ್ ಮೇಲೆ ಫೋನ್. ಬಿಟ್ಟುಬಿಟ್ಟೆ.

ಮಾಲು ಪರೀಕ್ಷೆಗೆ ನನ್ನ ಹತ್ತಿರ ಇರೋದು ಒಂದು ಬಕೆಟ್ ನೀರು. ಮುರಿದ ತುಂಡನ್ನು ಗಾಳಿಗುಳ್ಳೆ ಅಂಟದ ಹಾಗೆ ಅದುಮಿ ಬಿಡಿ. ಶುದ್ಧ ಪಿಪಿ (ಪಾಲಿಪ್ರೊಪಿಲೀನ್, ಕುರ್ಚಿಯ ಪ್ಲಾಸ್ಟಿಕ್) ಆದರೆ ತೇಲುತ್ತೆ. ಸುಣ್ಣದ ಪುಡಿ ಜಾಸ್ತಿ ಬೆರೆಸಿದ್ದು ಸೀದಾ ತಳಕ್ಕೆ. ಮುಳುಗಿದ್ದಕ್ಕೆ ಅರ್ಧ ದರ. ಒಮ್ಮೆ ಹೊಸ ಸ್ಯಾಂಪಲ್ ತಂದ ಏಜೆಂಟ್ ಎದುರಿಗೇ ಅದರ ಮೂಲೆ ಕತ್ತರಿಸಿ ಹಾಕಿದೆ. ಮುಳುಗಿತು. ಟೀ ಕೂಡ ಕುಡಿಯದೆ ಹೋದ.

ಟೆರೇಸ್ ಮೇಲೆ ಬೇಸಿಗೆಯಿಡೀ ಮೂರು ಬಗೆಯ ಕುರ್ಚಿ ಬಿಸಿಲಿಗಿಟ್ಟು ನೋಡಿದ್ದೂ ಉಂಟು. ಅಗ್ಗದ ಕೆಂಪು ಬಿಳಿಚಿಕೊಂಡು, ಕೈಯಿಟ್ಟರೆ ಪುಡಿ ಹತ್ತುತ್ತಿತ್ತು. ಕಪ್ಪು ಅಲ್ಲಾಡಲಿಲ್ಲ. ಮದುವೆಗೆ ಕಪ್ಪು ಯಾರೂ ಕೇಳಲ್ಲ, ಅದೇ ಕಷ್ಟ.

ಬೆಂಗಳೂರಿನ ಹಳೆ ಪ್ಲಾಸ್ಟಿಕ್ ವ್ಯಾಪಾರದ ನಾಯಂಡಹಳ್ಳಿ ಕಡೆ ಯಾವ ಬಣ್ಣ ಯಾರಿಗೆ ಕೊಟ್ಟರೆ ನಾಲ್ಕು ರೂಪಾಯಿ ಜಾಸ್ತಿ ಸಿಗುತ್ತೆ ಅನ್ನೋದು ನನ್ನ ಹತ್ತಿರವೇ ಇರಲಿ. ಈಗ ಜಗಳೂರು, ಚನ್ನಗಿರಿ ಕಡೆಯವರು ಮುರಿದ ಫೈಬರ್ ಟೇಬಲ್ಲೂ ತಗೋತೀರಾ ಅಂತ ಕೇಳುತ್ತಿದ್ದಾರೆ. ಅದು ಕರಗಲ್ಲ, ಗ್ರೈಂಡಿಂಗ್‌ನವರು ಮುಟ್ಟಲ್ಲ. ಸುಮ್ನೆ ಜಾಗ ತಿನ್ನುತ್ತೆ, ನೀವೂ ತಗೋಬೇಡಿ.