ಅಡಿಕೆ ಅಟ್ಟದಲ್ಲಿ ಒಣಗಿದ ಹೂಗಳು

ನಮ್ಮ ಮಲೆನಾಡಿನಲ್ಲಿ ಹೂ ಒಣಗಿಸಲು ಸಿಗುವುದು ನಾಲ್ಕೇ ತಿಂಗಳು. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಅಷ್ಟೇ. ಇದು ತಲೆಗೆ ಹೋಗಲು ನನಗೆ ಎರಡು ಮಳೆಗಾಲ ಬೇಕಾಯಿತು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿದೆ, ಅಡಿಕೆ ತೋಟಕ್ಕೆ ಅಂಟಿಕೊಂಡೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜೂನ್ ಬಂತೆಂದರೆ ಉಪ್ಪಿನ ಭರಣಿಯಲ್ಲಿ ನೀರು, ಬೀರುವಿನ ಬಟ್ಟೆಗೆ ಮುಗ್ಗಲು ವಾಸನೆ. ಮೊದಲ ವರ್ಷ ಪೇಟೆಯಿಂದ ಒಂದು ಒಣಹೂವಿನ ಗೊಂಚಲು ತಂದು ಜಗಲಿಯಲ್ಲಿಟ್ಟೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಹೂವಿನ ಬುಡಕ್ಕೆಲ್ಲ ಬಿಳಿ ಬೂಷ್ಟು. ಎರಡನೇ ವರ್ಷ ಗಣಪತಿ ಹಬ್ಬಕ್ಕೆ ತಂದ ಸೇವಂತಿಗೆಯನ್ನು ನಾನೇ ಒಣಗಿಸಲು ಕಟ್ಟಿದೆ. ಮೂರು ದಿನಕ್ಕೆ ತೊಟ್ಟು ಕೊಳೆತು ಹೂವೆಲ್ಲ ಕೆಳಗೆ ಬಿತ್ತು.

ಅತ್ತೆ ನೋಡುತ್ತಿದ್ದರು. "ಮಳೇಲಿ ಅಡಿಕೆ ಒಣಗುತ್ತಾ? ಮತ್ತೆ ಹೂ ಹ್ಯಾಗೆ ಒಣಗುತ್ತೆ ಮಾರಾಯ್ತಿ? ಕೊನೆಕೊಯ್ಲು ಶುರುವಾಗಲಿ, ಆಗ ಮಾಡು" ಅಂದರು. ಕೊನೆಕೊಯ್ಲು ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ; ಗೊನೆಗೆ ನಮ್ಮಲ್ಲಿ ಕೊನೆ ಅನ್ನುತ್ತೇವೆ. ಆ ಮಾತು ಹಿಡಿದುಕೊಂಡೇ ನಾನು ಮುಂದೆ ಹೋದದ್ದು.

ಹಾಗಂತ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಬಚ್ಚಲು ಒಲೆಯ ಮೇಲೆ ಬಿಸಿ ಇರುತ್ತದಲ್ಲ, ಹುಳಿಗೆ ಬಳಸುವ ಉಪ್ಪಾಗೆ ಹಣ್ಣಿನ ಸಿಪ್ಪೆ ಒಣಗಿಸುವ ಜಾಗ, ಅಲ್ಲೇ ತೂಗುಹಾಕಿದೆ. ಹೂ ಬೇಗ ಒಣಗಿತು, ನಿಜ. ಆದರೆ ಎಸಳಿಗೆಲ್ಲ ಮಸಿ ಹಿಡಿದು, ತಿಂಗಳುಗಟ್ಟಲೆ ಹೊಗೆ ವಾಸನೆ ಹೋಗಲಿಲ್ಲ. ಕೊನೆಗೆ ಒಗ್ಗಿದ್ದು ಅಡಿಕೆ ಇಡುವ ಅಟ್ಟ. ಹೆಂಚಿನ ಕೆಳಗೆ ಮಧ್ಯಾಹ್ನ ಒಳ್ಳೆ ಕಾವು ಇರುತ್ತದೆ, ಸಂದಿಯಿಂದ ಗಾಳಿ ಆಡುತ್ತದೆ, ಬೆಳಕು ಮಾತ್ರ ಇಲ್ಲ. ಹೂವಿಗೆ ಬೇಕಾದ್ದೇ ಇದು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ಅನ್ನಿಸುತ್ತದೆ, ಆದರೆ ಬೆಳಕು ಬಿದ್ದಷ್ಟೂ ಬಣ್ಣ ಹಾರುತ್ತದೆ.

ಕೊಯ್ಯುವ ಹೊತ್ತೂ ಮುಖ್ಯ. ಚಳಿಗಾಲದಲ್ಲಿ ನಮ್ಮಲ್ಲಿ ಇಬ್ಬನಿ ಜಾಸ್ತಿ. ಅದು ಪೂರ್ತಿ ಆರಿದ ಮೇಲೆ, ಹತ್ತು ಹತ್ತೂವರೆಗೆ ಕೊಯ್ಯುತ್ತೇನೆ. ಪೂರ್ತಿ ಅರಳಿದ ಹೂ ಬೇಡ. ಒಣಗುವಾಗ ಅದು ಇನ್ನಷ್ಟು ಬಿಚ್ಚಿಕೊಂಡು ಎಸಳು ಉದುರಿಸುತ್ತದೆ. ಎಲೆ ಕಿತ್ತು, ಎಂಟು ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಬಾಳೆನಾರಿನಲ್ಲಿ ಕಟ್ಟಿದರೆ ಕಡ್ಡಿ ಒಣಗಿ ಸಣ್ಣಗಾದಾಗ ಗೊಂಚಲು ಜಾರಿ ಬೀಳುತ್ತದೆ. ರಬ್ಬರ್ ತಾನೇ ಬಿಗಿಯಾಗುತ್ತದೆ. ತಲೆಕೆಳಗಾಗಿ ತೂಗಿದರೆ ಕಡ್ಡಿ ನೆಟ್ಟಗಿರುತ್ತದೆ. ಎರಡರಿಂದ ಮೂರು ವಾರ ಸಾಕು. ಕಡ್ಡಿ ಬಗ್ಗಿಸಿದರೆ ಚಟ್ ಅಂತ ಮುರಿಯಬೇಕು. ಬಳುಕಿದರೆ ಒಳಗೆ ಇನ್ನೂ ಹಸಿ ಇದೆ ಅಂತಲೇ. ಅವಸರ ಮಾಡಿ ಇಳಿಸಿದ ಗೊಂಚಲಿಗೇ ಮುಂದೆ ಬೂಷ್ಟು ಬರುವುದು.

ಎಲ್ಲ ಹೂವೂ ಒಗ್ಗುವುದಿಲ್ಲ. ದಾಸವಾಳ, ಮಲ್ಲಿಗೆ ಆಸೆ ಬಿಟ್ಟುಬಿಡಿ. ನಂಬಬಹುದಾದ್ದು ಎರಡು. ಒಂದು, ಗುಂಡಿಯ ಹಾಗೆ ದುಂಡಗಿರುವ ನೇರಳೆ ಬಟನ್ ಹೂ, ನರ್ಸರಿಯವರು ಗೋಂಫ್ರೀನಾ ಅನ್ನುತ್ತಾರೆ. ಗಿಡದಲ್ಲಿರುವಾಗಲೇ ಅದು ಮುಟ್ಟಿದರೆ ಕಾಗದದ ಹಾಗೆ ಸರಸರ ಅನ್ನುತ್ತದೆ. ಒಣಗಿದ ಮೇಲೂ ಬಣ್ಣ ಹೆಚ್ಚು ಕಳೆದುಕೊಳ್ಳುವುದಿಲ್ಲ. ಇನ್ನೊಂದು ಕೋಳಿಜುಟ್ಟು. ಜುಟ್ಟು ದಪ್ಪ ಇರುವುದರಿಂದ ಒಂದು ವಾರ ಜಾಸ್ತಿ ಬೇಕು. ಕೆಳಗೆ ಪೇಪರ್ ಹಾಸಿ, ಸಾಸಿವೆಗಿಂತ ಸಣ್ಣ ಕಪ್ಪು ಬೀಜ ಉದುರುತ್ತಲೇ ಇರುತ್ತದೆ.

ಗುಲಾಬಿಯನ್ನು ತೂಗಿದರೆ ಸುಕ್ಕುಗಟ್ಟುತ್ತದೆ. ಅದಕ್ಕೆ ತೇವ ಹೀರುವ ಸಿಲಿಕಾ ಜೆಲ್ ತಂದೆ, ಸಕ್ಕರೆಯಷ್ಟು ಸಣ್ಣ ಹರಳಿನದು. ಡಬ್ಬಿಯಲ್ಲಿ ಒಂದು ಪದರ ಹಾಸಿ, ಹೂ ನಿಲ್ಲಿಸಿ, ಎಸಳಿನ ಸಂದಿಗೆಲ್ಲ ಚಮಚದಲ್ಲಿ ನಿಧಾನವಾಗಿ ಸುರಿದು, ಪೂರ್ತಿ ಮುಚ್ಚಿ ವಾರ ಬಿಡುತ್ತೇನೆ. ದೂಳು ಏಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೆಂಪು ಗುಲಾಬಿ ಒಣಗಿದರೆ ಹೆಚ್ಚುಕಮ್ಮಿ ಕಪ್ಪಾಗಿ ಕಾಣುತ್ತದೆ. ನಾನು ತಿಳಿಗುಲಾಬಿ ಬಣ್ಣದ್ದನ್ನೇ ಆರಿಸುತ್ತೇನೆ.

ಇಷ್ಟೆಲ್ಲ ಹೇಳಿದರೂ, ನನ್ನ ಮನೆ ತುಂಬಿಸಿದ್ದು ಹೂವಿಗಿಂತ ಹೆಚ್ಚಾಗಿ ತೋಟ. ಕೊನೆಕೊಯ್ಲಿನ ದಿನ ಅಂಗಳದಲ್ಲಿ ಕಾಯಿ ಉದುರಿಸಿದ ಖಾಲಿ ಕೊನೆಗಳು ರಾಶಿ ಬಿದ್ದಿರುತ್ತವೆ. ಗೊಬ್ಬರದ ಗುಂಡಿಗೆ ಹೋಗುವ ವಸ್ತು. ಒಂದು ಸಂಜೆ ಅದರಲ್ಲೊಂದನ್ನು ಗೋಡೆಗೆ ಒರಗಿಸಿಟ್ಟೆ. ದೀಪದ ಬೆಳಕಿಗೆ ಅದರ ಕವಲು ಕವಲಿನ ನೆರಳು ಗೋಡೆ ಮೇಲೆ ಹರಡಿತು. ಇಂಥದ್ದನ್ನು ಇಷ್ಟು ವರ್ಷ ತುಳಿದುಕೊಂಡು ಓಡಾಡಿದೆನಲ್ಲ ಅನ್ನಿಸಿತು. ಆಮೇಲೆ ಬ್ಯಾಣದಿಂದ, ಅಂದರೆ ತೋಟಕ್ಕೆ ಸೇರಿದ ಹುಲ್ಲುಗಾವಲಿನಿಂದ, ಕರಡ ಅನ್ನುವ ಹುಲ್ಲನ್ನು ತೆನೆ ಸಮೇತ ಕೊಯ್ದು ತಂದೆ. ನಮ್ಮದೇ ಬ್ಯಾಣ, ಕಾಡಿಗೆ ಹೋಗಿ ಏನನ್ನೂ ಕೀಳುವುದಿಲ್ಲ.

ಬಣ್ಣಕ್ಕೂ ದಾರಿ ಮನೆಯಲ್ಲೇ ಇತ್ತು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು. ಕೆಂಪಡಿಕೆಗೆ ಬಣ್ಣ ಕೊಡುವುದೇ ಅದು, ಕರಡಕ್ಕೆ ಕೊಡದೆ ಇರುತ್ತದಾ? ಒಂದು ಲೋಟ ಚೊಗರಿಗೆ ಎರಡು ಲೋಟ ನೀರು ಬೆರೆಸಿ, ಒಣಗಿದ ತೆನೆಯನ್ನು ಒಮ್ಮೆ ಅದ್ದಿ ಮತ್ತೆ ತೂಗುಹಾಕಿದೆ. ಎರಡು ದಿನಕ್ಕೆ ಹಳೇ ಮನೆ ಕಂಬದ ಹಾಗೆ ಕೆಂಪು ಕಂದು ಬಣ್ಣ. ನೀರು ಬೆರೆಸದೆ ಅದ್ದಿದ ಇನ್ನೊಂದು ಕಟ್ಟು ತೀರಾ ಕಪ್ಪಾಗಿ ಅಂಟಂಟಾಯಿತು. ಹಳೇ ಸೀರೆ ಉಟ್ಟು ಮಾಡಿ, ಚೊಗರಿನ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ.

ಜೋಡಿಸಲು ಹೂದಾನಿ ಕೊಂಡಿಲ್ಲ. ಬಿದಿರಿನ ಅಂಡೆ, ಬಾಯಿ ಒಡೆದ ಮಣ್ಣಿನ ಹೂಜಿ ಇವೆ. ಒಣಹೂವಿಗೆ ತೂಕ ಇಲ್ಲದ್ದರಿಂದ ಗಾಳಿಗೆ ಮಗುಚುತ್ತದೆ. ತಳಕ್ಕೆ ಹುರಿದು ಆರಿಸಿದ ಮರಳು ಹಾಕಿ ಅದರಲ್ಲಿ ಕಡ್ಡಿ ಊರುತ್ತೇನೆ. ಮೊದಲು ಅಡಿಕೆ ಕೊನೆ, ಅದರ ಸಂದಿಗೆ ಕರಡ, ಕಡೆಯಲ್ಲಿ ಬಟನ್ ಹೂ ಐದೋ ಏಳೋ. ಜಾಸ್ತಿ ತುರುಕಿದರೆ ಅಡಿಕೆ ಕೊನೆಯ ಕವಲು ಕಾಣುವುದಿಲ್ಲ. ನನಗಂತೂ ಆ ಕವಲು ಕಾಣಲೇಬೇಕು.

ಮಳೆಗಾಲಕ್ಕೆ ಇವನ್ನು ಹೊರಗೆ ಇಟ್ಟುಕೊಳ್ಳುವ ಹಟ ಈಗ ಬಿಟ್ಟಿದ್ದೇನೆ. ಮೇ ಕೊನೆಯಲ್ಲಿ, ಒಂದು ಒಳ್ಳೆ ಬಿಸಿಲಿನ ಮಧ್ಯಾಹ್ನ ನೋಡಿ, ಎಲ್ಲ ಬಿಚ್ಚಿ ಮೆತ್ತನೆ ಬ್ರಷ್‌ನಲ್ಲಿ ದೂಳು ತೆಗೆದು ಗಾಳಿಯಾಡದ ಡಬ್ಬಿಗೆ ತುಂಬುತ್ತೇನೆ. ಜೊತೆಗೆ ತೆಳು ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದು. ತೇವ ಹೀರಿದರೆ ಹಸಿರಾಗುತ್ತದೆ. ಹಾಗಾದಾಗ ಬೇರೆಯೇ ಇಟ್ಟಿರುವ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಮುಟ್ಟುವುದಿಲ್ಲ. ಕಳೆದ ಮಳೆಗಾಲದಲ್ಲಿ ಮೂರು ಸಲ ಹುರಿದೆ. ದೀಪಾವಳಿಗೆ ಡಬ್ಬಿ ತೆಗೆದಾಗ ಒಂದು ಚುಕ್ಕೆ ಬೂಷ್ಟು ಇರಲಿಲ್ಲ.

ಅಂಚು ಉದುರಿದ ನಾಲ್ಕು ಬಟನ್ ಹೂವನ್ನು ಮಾತ್ರ ಎಸೆಯದೆ ಎತ್ತಿಟ್ಟೆ. ಒಣಹೂವಿನ ಒಂದೊಂದು ಪಕಳೆಯ ಬುಡದಲ್ಲೂ ಅರಳೆಯಂಥ ನವಿರಿನೊಳಗೆ ಒಂದು ಬೀಜ ಇರುತ್ತದೆ. ಮಳೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ, ಆಗಸ್ಟ್ ಕೊನೆಗೆ, ಮಾಡಿನ ಕೆಳಗೆ ಪಾತಿ ಮಾಡಿ ಉದುರಿಸಿದರೆ ಕೊನೆಕೊಯ್ಲಿನ ಹೊತ್ತಿಗೆ ಹೂ ಸಿಗುತ್ತದೆ. ಈ ಸಲದ ಪಾತಿಯಲ್ಲಿ ಸಸಿ ಗೇಣುದ್ದ ಆಗಿವೆ.