ನಮ್ಮೂರ ಕಲಾವಿದರನ್ನು ಆರ್ಟ್ ಫೇರ್‌ಗೆ ಕರೆದೊಯ್ಯುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಒಳ್ಳೆಯ ಕಲಾವಿದರಿಗೆ ಬರವಿಲ್ಲ. ಅವರ ಕೆಲಸ ಕೊಳ್ಳುವವರ ಕಣ್ಣಿಗೆ ಬೀಳುವುದು ಕಡಿಮೆ, ಅಷ್ಟೇ. ಅದಕ್ಕೇ ಇಲ್ಲಿ ಸಣ್ಣದೊಂದು ಗ್ಯಾಲರಿ ನಡೆಸುವವರೂ ಆರ್ಟ್ ಫೇರ್‌ಗೆ, ಅಂದರೆ ಚಿತ್ರ ತೋರಿಸಿ ಮಾರುವ ಮೇಳಕ್ಕೆ, ಹೋಗಬೇಕು.

ಯಾವ ಫೇರ್ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಕಲಾವಿದರೇ ನಿಂತು ಮಾರುವ ಜಾಗ. ಬಯಲು, ಬಿಸಿಲು, ಕಾಲಿಡಲಾಗದಷ್ಟು ಜನ. ದೆಹಲಿಯ ಇಂಡಿಯಾ ಆರ್ಟ್ ಫೇರ್ 2008ರಲ್ಲಿ ಇಂಡಿಯಾ ಆರ್ಟ್ ಸಮಿಟ್ ಅನ್ನುವ ಹೆಸರಲ್ಲಿ ಶುರುವಾಗಿದ್ದು. ಅಲ್ಲಿ ಗ್ಯಾಲರಿಗಳಿಗೆ ಗೋಡೆ ಇರುವ ಬೂತ್ ಸಿಗುತ್ತದೆ, ಖರ್ಚು ಮಾತ್ರ ಸಿಕ್ಕಾಪಟ್ಟೆ. ಹೊಸಬರಾಗಿದ್ದರೆ ಮೊದಲು ನಿಮ್ಮ ಕಲಾವಿದರಿಂದ ಚಿತ್ರಸಂತೆಗೆ ಅರ್ಜಿ ಹಾಕಿಸಿ. ಜೊತೆಗೆ ನಿಂತು, ಜನ ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ, ಏನು ಕೇಳುತ್ತಾರೆ ಅಂತ ನೋಡಿ.

ಬೂತ್ ಸಿಕ್ಕಿತು ಅಂತ ಹತ್ತು ಜನರ ಚಿತ್ರ ತುಂಬಬೇಡಿ. ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ಒಬ್ಬರದೇ ನಾಲ್ಕೈದು ಕೃತಿ ಒಟ್ಟಿಗೆ ನೋಡಿದರೆ ತಾನೇ ಅವರ ಕೈ ಯಾವುದು, ತಲೆಯಲ್ಲಿ ಏನು ಓಡುತ್ತಿದೆ ಅಂತ ಗೊತ್ತಾಗುವುದು? ಇನ್ನೊಂದು ವಿಷಯ. ನಮ್ಮ ಕಡೆಯವರು ಅಂದ ಕೂಡಲೇ ಹಂಪಿ ಕಲ್ಲಿನ ರಥ, ಕಿನ್ನಾಳದ ಗೊಂಬೆ ಕೇಳುವವರು ಇದ್ದೇ ಇರುತ್ತಾರೆ. ಕಿನ್ನಾಳ ಕಲೆ ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಡೂರಿನ ಕೆಂಪು ಧೂಳನ್ನೇ ಬಣ್ಣಕ್ಕೆ ಕಲಸುವ ಹುಡುಗಿಗೆ ಮಾರಾಟ ಆಗಲಿ ಅಂತ ರಥ ಬರೆಯಲು ಹೇಳಬೇಡಿ, ದಯವಿಟ್ಟು.

ಈಗ ಪ್ಯಾಕಿಂಗ್. ಜಾಸ್ತಿ ಹಾಳಾಗುವುದು ಇಲ್ಲೇ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಬಿಸಿಗೆ ಮೆತ್ತಗಾಗುತ್ತದೆ. ನಮ್ಮ ಬಿಸಿಲಲ್ಲಿ ಮುಚ್ಚಿದ ಟೆಂಪೋ ಒಳಗೆ ಎಷ್ಟು ಕಾವು ಇರುತ್ತದೆ ಅಂತ ನಿಮಗೇ ಗೊತ್ತು. ಕ್ಯಾನ್ವಾಸ್‌ಗೆ ನೇರವಾಗಿ ಬಬಲ್ ರ್ಯಾಪ್ ಸುತ್ತಿದ್ದರೆ ಬಿಚ್ಚುವಾಗ ಬಣ್ಣದ ಮೇಲೆ ಸಾಲಾಗಿ ಗುಂಡು ಗುಂಡು ಅಚ್ಚು ಬಿದ್ದಿರುತ್ತದೆ, ಒರೆಸಿದರೂ ಹೋಗಲ್ಲ. ಮೊದಲು ಬೇಕರಿಯವರು ಟ್ರೇಗೆ ಹಾಸುವ ಸಿಲಿಕಾನ್ ಲೇಪದ ಕಾಗದ ಹೊದಿಸಿ, ನಾಲ್ಕು ಮೂಲೆಗೆ ದಪ್ಪ ರಟ್ಟು ಮಡಚಿ ಹಾಕಿ, ಆಮೇಲೆ ಗುಳ್ಳೆ ಹೊರಗೆ ಬರುವಂತೆ ಬಬಲ್ ರ್ಯಾಪ್ ಸುತ್ತಿ. ಟೇಪು ಕ್ಯಾನ್ವಾಸ್‌ಗೆ ತಾಗಬಾರದು. ಚಿತ್ರಗಳನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಸಾಗಿಸಿ. ಕಟ್ಟುವ ಮೊದಲು ಪ್ರತಿಯೊಂದರ ಹಿಂದೆ ಮುಂದೆ ಫೋಟೋ ತೆಗೆದಿಡಿ. ಸಣ್ಣ ಕೆಲಸಗಳಾದರೆ ಬೆಂಗಳೂರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ನಿಮ್ಮ ಜೊತೆಯಲ್ಲೇ ಒಯ್ಯಬಹುದು.

ತೂಗುಹಾಕುವಾಗ ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಎತ್ತರದಲ್ಲಿರಲಿ, ನಿಂತವರ ಕಣ್ಣಿಗೆ ಸರಿಯಾಗುತ್ತದೆ. ಖಾಲಿ ಗೋಡೆ ಕಂಡರೆ ಗಾಬರಿ ಬೀಳಬೇಡಿ. ಲೇಬಲ್‌ನಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ (ಯಾವ ಬಣ್ಣ, ಯಾವುದರ ಮೇಲೆ ಬರೆದದ್ದು), ಅಳತೆ ಇರಲಿ. ಬೆಲೆಯನ್ನೂ ಬರೆಯಿರಿ ಅನ್ನುವವನು ನಾನು, ಯಾಕೆಂದರೆ ಮೊದಲ ಸಲ ಚಿತ್ರ ಕೊಳ್ಳುವವರು ಕೇಳಲು ಸಂಕೋಚಪಟ್ಟು ಸುಮ್ನೆ ಹೋಗಿಬಿಡುತ್ತಾರೆ. ಊರಿನ ಗ್ಯಾಲರಿಯಲ್ಲಿ ಒಂದು, ಫೇರ್‌ನಲ್ಲಿ ಒಂದು ಬೆಲೆ ಬೇಡ.

ಕಲಾವಿದರ ಜೊತೆ ಎಷ್ಟೇ ಸಲುಗೆ ಇರಲಿ, ಹೊರಡುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ: ಗ್ಯಾಲರಿ ಪಾಲು ಎಷ್ಟು, ಫ್ರೇಮ್ ಖರ್ಚು ಯಾರದು, ರಿಯಾಯಿತಿ ಕೊಟ್ಟರೆ ಯಾರ ಪಾಲಿಂದ, ದಾರಿಯಲ್ಲಿ ಹಾಳಾದರೆ ಯಾರು ಹೊಣೆ. ಗ್ಯಾಲರಿಗೆ ಅರ್ಧ ಅನ್ನುವುದು ಹಲವು ಕಡೆ ಮಾಮೂಲು, ಆದರೆ ಹೊಸ ಕಲಾವಿದರ ಹತ್ತಿರ ಅಷ್ಟು ಕೇಳುವ ಮೊದಲು ನೀವು ಅವರಿಗಾಗಿ ಏನು ಖರ್ಚು ಮಾಡುತ್ತಿದ್ದೀರಿ ಅಂತ ಲೆಕ್ಕ ತೋರಿಸಿ. ಕೊಳ್ಳುವವರಿಗೂ ಒಂದು ಮಾತು ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಕೊಂಡ ಮಾತ್ರಕ್ಕೆ ಅದನ್ನು ಕ್ಯಾಲೆಂಡರಿಗೆ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ಆ ಹಕ್ಕು ಬೇಕಿದ್ದರೆ ಬರವಣಿಗೆಯಲ್ಲೇ ಪಡೆಯಬೇಕು.

ವಿಚಾರಿಸಿ ಹೋದವರ ನಂಬರ್ ಬರೆದಿಟ್ಟುಕೊಂಡು, ಊರಿಗೆ ಬಂದ ವಾರದೊಳಗೆ ಫೋನ್ ಮಾಡಿ. ಮಾರಿದ ಹಣ ಬಂದ ತಕ್ಷಣ ಕಲಾವಿದರ ಪಾಲು ಕೊಟ್ಟುಬಿಡಿ. ಉಳಿದ ಚಿತ್ರಗಳನ್ನು ಆ ಫೋಟೋಗಳ ಜೊತೆ ಹೋಲಿಸಿ ನೋಡಿ, ಅವರ ಕೈಗೇ ಒಪ್ಪಿಸಿ ಸಹಿ ಹಾಕಿಸಿಕೊಳ್ಳಿ.