ಹಳೇ ಮೀನು ಆರಾಮ, ಹೊಸದು ಮಾತ್ರ ಸಾವು: ಕಾರಣ ಸಿಕ್ಕಿತು

ನಮ್ಮ ಅಕ್ವೇರಿಯಂನಲ್ಲಿ ಹಳೇ ಟೆಟ್ರಾಗಳು ಚೆನ್ನಾಗಿಯೇ ಇದ್ದವು. ಅಂಗಡಿಯಿಂದ ತಂದ ಗಪ್ಪಿಗಳು ಮಾತ್ರ ಒಂದೆರಡು ದಿನದಲ್ಲೇ ಸಾಯುತ್ತಿದ್ದವು. ಮೈಮೇಲೆ ಚುಕ್ಕೆ ಇಲ್ಲ, ರೆಕ್ಕೆ ಕೊಳೆತಿಲ್ಲ. ಅಂಗಡಿಯವರು ರೋಗದ ಮೀನು ಕೊಟ್ಟರು ಅಂತ ಬೈಯುವುದು ಸುಲಭ, ಅಲ್ವಾ?

ಟೆಸ್ಟ್ ಕಿಟ್ ತಂದೆ. ಅಮೋನಿಯಾ ಹೆಚ್ಚೇನೂ ಇರಲಿಲ್ಲ. ಆದರೆ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 6ಕ್ಕೆ ಇಳಿದಿತ್ತು. ನಲ್ಲಿ ನೀರು 7.5ರ ಹತ್ತಿರ. ಪಿಎಚ್‌ನಲ್ಲಿ 1 ಅಂಕ ಅಂದರೆ ಆಮ್ಲೀಯತೆಯಲ್ಲಿ 10 ಪಟ್ಟು ವ್ಯತ್ಯಾಸ! ನೈಟ್ರೇಟ್ ಕೂಡ ತುಂಬಾ ಜಾಸ್ತಿ.

ಆಗಿದ್ದು ಇಷ್ಟೇ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ. ಆಗ ಹುಟ್ಟುವ ಆಮ್ಲ, ಪಿಎಚ್ ಇಳಿಯದಂತೆ ತಡೆಯುವ ನೀರಿನ ಕಾರ್ಬೊನೇಟನ್ನು ತಿಂದುಹಾಕುತ್ತದೆ. ಮನೆಯಲ್ಲಿ ಆವಿಯಾದಷ್ಟು ಆರ್‌ಓ ನೀರು ಸುರಿಯುತ್ತಿದ್ದರು. ಅದರಲ್ಲಿ ಕಾರ್ಬೊನೇಟ್ ಇಲ್ಲವೇ ಇಲ್ಲ ಅನ್ನಬಹುದು. ಹಳೇ ಮೀನು ನಿಧಾನವಾಗಿ ಒಗ್ಗಿಕೊಂಡಿದ್ದವು. ಹೊಸದಕ್ಕೆ ಅದು ಒಮ್ಮೆಲೇ ಬಿದ್ದ ಪೆಟ್ಟು.

ಒಂದೇ ಸಲ ನೀರೆಲ್ಲ ಬದಲಿಸಬೇಡಿ. ಪಿಎಚ್ ತಟ್ಟನೆ ಏರಿದರೆ ನೀರಲ್ಲಿರುವ ನಿರುಪದ್ರವಿ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. ನಾನು ಶೇ. 10ರಷ್ಟು ಮಾತ್ರ, ದಿನ ಬಿಟ್ಟು ದಿನ, ಕ್ಲೋರಿನ್ ತೆಗೆದ ನಲ್ಲಿ ನೀರಿನಿಂದ ಬದಲಿಸಿದೆ. ಫಿಲ್ಟರ್ ಒಳಗೆ ಒಂದು ಚೀಲದಲ್ಲಿ ಹವಳದ ಚೂರು ಇಟ್ಟೆ, ಅದು ನಿಧಾನವಾಗಿ ಕರಗಿ ಕಾರ್ಬೊನೇಟ್ ಕೊಡುತ್ತದೆ. ಪಿಎಚ್ 7 ದಾಟಿದ ಮೇಲೆಯೇ ಹೊಸ ಗಪ್ಪಿ ತಂದಿದ್ದು. ಬಕೆಟ್‌ನಲ್ಲಿಟ್ಟು, ಸಣ್ಣ ಪೈಪಿನಿಂದ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟು, ಆಮೇಲೆ ಒಳಗೆ ಬಿಟ್ಟೆ. ಒಂದೂ ಸಾಯಲಿಲ್ಲ. ಈಗ ಮರಿಗಳೇ ಜಾಸ್ತಿಯಾಗಿ ಎಲ್ಲಿಡೋದು ಅನ್ನುವ ತಲೆನೋವು.